ಪಾಟನ್‌ನ ಹೊನ್ನಿನ ಬುದ್ಧ

ನೇಪಾಳದಲ್ಲಿ ಪಶುಪತಿನಾಥನ ದರ್ಶನ ಮುಗಿಸಿ ನಾವು ಬಾಗಮತಿಯ ದಕ್ಷಿಣಕ್ಕಿರುವ ಪಾಟನ್ ನಗರವನ್ನು ಸೇರಿದೆವು. ಬುದ್ಧಮೂರ್ತಿಗಳ ಎರಕ ಅಲ್ಲಿನ ಶಾಕ್ಯ ಮನೆತನಗಳ ಪರಂಪರಾಗತ ಕಾಯಕ. ಮೇಣದ ಮೂರ್ತಿಗೆ ಮಣ್ಣು ಮೆತ್ತಿ ಕಾಯಿಸುತ್ತಾರೆ. ಮೇಣ ಕರಗಿ ಹರಿದ ತೆರವಿಗೆ ಕರಗಿದ ತಾಮ್ರವನ್ನು ಹೊಯ್ಯುತ್ತಾರೆ. ಅಚ್ಚನ್ನು ಒಡೆದೇ ಮೂರ್ತಿಯನ್ನು ತೆಗೆಯಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ. ನೆಲ ಮುಟ್ಟಿದ ಬಲಗೈ ಭೂಮಿಸ್ಪರ್ಶ ಮುದ್ರೆ. ಬುದ್ಧನ ಬೋಧಿಗೆ ಭೂಮಿಯೇ ಸಾಕ್ಷಿಯೆಂದು ಅದರ ಅರ್ಥ.

ಕೊನೆಗೆ ಚಿನ್ನವನ್ನು ಪಾದರಸದೊಡನೆ ಬೆರೆಸಿ ಬಳಿದು ಕಾಯಿಸುತ್ತಾರೆ. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಆ ಆವಿ ವಿಷ; ಉಸಿರಾಡಿದವರ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಹೊಳೆಯುವ ಮೂರ್ತಿಯ ಮುಂದೆ ನಿಂತಾಗ ನಮಗೆ ನೆನಪಾದವನು ಉಸಿರನ್ನೇ ಪಣವಿಟ್ಟ ಆ ಕಾಯಕಜೀವಿ. ಕಾಯಕದಲ್ಲೇ ಕೈಲಾಸವನ್ನು ಕಾಣುವ ನಾವು ಅವನಿಗೆ ಶರಣೆನ್ನದಿರಲಾದೀತೆ?