ಬೇಲಿಯೊಳಗಿನ ಹುಲ್ಲು

ಹೈದರಾಬಾದಿನ ನಾಂಪಲ್ಲಿಯಲ್ಲಿ ರೈಲು ಇಳಿದಾಗ ಬೆಳಗಿನ ಏಳು ಗಂಟೆ. ಇರಾನಿ ಚಹಾ ಕುಡಿದು ಮೆಟ್ರೊ ಹತ್ತಿದೆ. ಎಲ್.ಬಿ. ನಗರಕ್ಕೆ ಇಲ್ಲಿಂದ ಒಂದೇ ಗಾಡಿ. ಮೂಸಿ ನದಿ ದಾಟಿತು, ಮಲಕ್‌ಪೇಟೆ, ದಿಲ್‌ಸುಖ್‌ನಗರ ಬಂದವು. ಕಿಟಕಿಯಾಚೆ ಕಂಡದ್ದೆಲ್ಲ ತಾರಸಿ, ನೀರಿನ ಟ್ಯಾಂಕು. ಈ ದಾರಿಯ ತುದಿಗೆ ಚಿಗರಿಗಳಿವೆಯೆಂದು ನಂಬಲು ಮನಸ್ಸು ಹಿಂಜರಿಯಿತು.

ನಾನು ರಾಣೆಬೆನ್ನೂರು ಕಡೆಯವನು. ಕೃಷ್ಣಮೃಗವನ್ನು ನಾವು ಚಿಗರಿ ಎಂದೇ ಕರೆಯುವುದು. ಅದನ್ನು ನೋಡಲೆಂದೇ ಆಟೊ ಹಿಡಿದು ವನಸ್ಥಲಿಪುರಂಗೆ ಹೊರಟೆ. ವಿಜಯವಾಡ ಹೆದ್ದಾರಿಯ ಮಗ್ಗುಲಲ್ಲೇ ಮಹಾವೀರ ಹರಿಣ ವನಸ್ಥಲಿ. ನಿಜಾಮರ ಬೇಟೆಯ ನೆಲವಾಗಿದ್ದ ಇದಕ್ಕೆ 1975ರಲ್ಲಿ, ಮಹಾವೀರ ನಿರ್ವಾಣದ 2500ನೇ ವರ್ಷದ ನೆನಪಿಗೆ ಈ ಹೆಸರು ಬಂತು. ವಿಸ್ತೀರ್ಣ 14.59 ಚದರ ಕಿ.ಮೀ.

ಸಫಾರಿ ವ್ಯಾನು ಕುರುಚಲು ದಾಟಿ ಬಯಲಿಗೆ ತಿರುಗಿತು. ಚಾಲಕ ಮೆಲ್ಲಗೆ, "ಅದಿಗೋ ಸಾರ್, ಜಿಂಕಲು" ಎಂದ. ಕಂದು ಬಣ್ಣದ ಹೆಣ್ಣುಗಳ ನಡುವೆ ತಿರುಚುಕೊಂಬಿನ ಕಪ್ಪು ಗಂಡು ತಲೆಯೆತ್ತಿ ನಿಂತಿತ್ತು. ನನ್ನ ಗಂಟಲು ಕಟ್ಟಿತು.

ಚಿಗರಿಗೆ ಕಣ್ಣು ಮತ್ತು ಕಾಲೇ ರಕ್ಷಣೆ. ದೂರ ಕಾಣಬೇಕು, ಓಡಲು ಬಯಲು ಬೇಕು. ರಾಣೆಬೆನ್ನೂರಿನ ಅಭಯಾರಣ್ಯ ಈ ವನಸ್ಥಲಿಯ ಎಂಟು ಪಟ್ಟು ದೊಡ್ಡದು, 119 ಚದರ ಕಿ.ಮೀ. ಚಿಗರಿಗಾಗಿ ಘೋಷಣೆಯಾದದ್ದು 1974ರಲ್ಲಿ. ಆದರೆ ಬಯಲೆಂದರೆ ಬೀಳುನೆಲ ಎಂದುಕೊಂಡು ಅಲ್ಲಿ ನೀಲಗಿರಿ ನೆಟ್ಟರು. ಸಾಲುಮರಗಳ ಕೆಳಗೆ ಹುಲ್ಲು ಸೊರಗಿತು. ಚಿಗರಿಗಳು ಗೋವಿನಜೋಳದ ಹೊಲಕ್ಕೆ ನುಗ್ಗಿದವು, ರೈತರು ನಿದ್ದೆಗೆಟ್ಟು ಕಾವಲು ಕೂತರು. ಅದೇ ಬಯಲಿನ ಎರೆಭೂತ ಹಕ್ಕಿಯಂತೂ ಕಣ್ಮರೆಯಾಯಿತು.

ಹಾಗೆಂದು ವನಸ್ಥಲಿಯ ಬೇಲಿಯನ್ನು ನೋಡಿ ಪೂರ್ತಿ ನೆಮ್ಮದಿಯಾಗಲಿಲ್ಲ. ಬೇಲಿಯಾಚೆ ಊರು ಒತ್ತಿಕೊಂಡು ನಿಂತಿದೆ. ಈ ಹಿಂಡು ಇನ್ನೊಂದು ಹಿಂಡನ್ನು ಸೇರಲಾರದು, ಹೊಸ ರಕ್ತ ಬೆರೆಯಲಾರದು. 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಉಷ್ಣವಲಯದ 60 ರಕ್ಷಿತ ಅರಣ್ಯಗಳನ್ನು ಪರಿಶೀಲಿಸಿತ್ತು. ಸುಮಾರು ಅರ್ಧದಷ್ಟರಲ್ಲಿ ಜೀವವೈವಿಧ್ಯ ಕುಸಿಯುತ್ತಿತ್ತು. ಗಡಿಯಾಚೆಗಿನ ಹಾನಿಯೂ ಹೆಚ್ಚುಕಡಿಮೆ ಒಳಗಿನದರಷ್ಟೇ ಕಾಡುತ್ತಿತ್ತು. ಅವು ಕಾಡುಗಳು, ಇದು ಹುಲ್ಲುಗಾವಲು. ಆದರೂ ಆ ಮಾತು ಈ ಬೇಲಿಯ ಬುಡದಲ್ಲಿ ಕಣ್ಣಿಗೆ ಕಟ್ಟಿತು.

ಸಂಜೆ ನಾಂಪಲ್ಲಿಯಲ್ಲಿ ಊರಿನ ರೈಲಿಗೆ ಕಾಯುತ್ತ ಕೂತೆ. ಇಲ್ಲಿನ ಚಿಗರಿಗೆ ಹುಲ್ಲಿದೆ, ಹೋಗಲು ದಾರಿಯಿಲ್ಲ. ನಮ್ಮದಕ್ಕೆ ದಾರಿಯಿದೆ, ಹುಲ್ಲು ಸಾಲದು. ದಾರಿ ಒಮ್ಮೆ ಕಟ್ಟಿಹೋದರೆ ತೆರೆಯುವುದು ಕಷ್ಟ. ಹುಲ್ಲನ್ನಾದರೆ ಮರಳಿ ತರಬಹುದು. ನೀಲಗಿರಿ ತೆಗೆದು, ಬೆಳೆ ಕಳೆದುಕೊಂಡ ರೈತನಿಗೆ ತಡಮಾಡದೆ ಪರಿಹಾರ ಕೊಟ್ಟು, ನಾಲ್ಕು ಮಳೆಗಾಲ ತಾಳಿಕೊಂಡರೆ ನಮ್ಮ ಬಯಲು ಮತ್ತೆ ಬಯಲಾದೀತು.