ಬೆಂಕಿಗೆ ಬದು ಇಲ್ಲ

1962ನೆಯ ಇಸವಿಯ ಜೂನ್ 28ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಮರುಭೂಮಿಯಲ್ಲಿ, ಪರೀಕ್ಷಾಕಟ್ಟೆಗೆ ಬಿಗಿದಿದ್ದ ರಾಕೆಟ್ ಎಂಜಿನ್ನೊಂದು ಉರಿಯುತ್ತಿದ್ದಂತೆಯೇ ನಾಶವಾಯಿತು. ಅದರ ಹೆಸರು ಎಫ್-1. ಮಾನವನನ್ನು ಚಂದ್ರನೆಡೆಗೆ ಒಯ್ಯಲಿದ್ದ ಸ್ಯಾಟರ್ನ್-5 ರಾಕೆಟ್ಟಿನ ಬುಡದಲ್ಲಿ ಇಂತಹ ಐದು ಎಂಜಿನ್ನುಗಳಿರಬೇಕಾಗಿತ್ತು. ಒಂದೊಂದೂ ಸೆಕೆಂಡಿಗೆ ಸುಮಾರು 2,500 ಕಿಲೋಗ್ರಾಂ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ನುಂಗುವಂಥದು. ಆ ಬೆಂಕಿಯ ಮೇಲೆ ಕುಳಿತು ಹೋಗಬೇಕಾದವರು ಮೂವರು ಮನುಷ್ಯರು.

ಉರಿ ಎಂದೂ ಒಂದೇ ಸಮನಾಗಿ ಉರಿಯುವುದಿಲ್ಲ. ಅದು ಭುಗಿಲೆಂದಾಗ ಒತ್ತಡ ಏರುತ್ತದೆ. ಆ ಒತ್ತಡ ಅಲೆಯಾಗಿ ದಹನಕೋಣೆಯ ಗೋಡೆಗೆ ಬಡಿದು, ಹಿಂದಿರುಗಿ ಬಂದು, ಉರಿಯನ್ನು ಮತ್ತೆ ಕೆಣಕುತ್ತದೆ. ಉಯ್ಯಾಲೆಯನ್ನು ತಕ್ಕ ಗಳಿಗೆಯಲ್ಲಿ ನೂಕಿದರೆ ಅದು ಮೇಲುಮೇಲಕ್ಕೆ ಏರುವುದಷ್ಟೆ? ಹಾಗೆಯೇ, ಒತ್ತಡ ಹೆಚ್ಚಿದ ಕ್ಷಣದಲ್ಲಿಯೇ ಶಾಖವೂ ಬಂದು ಸೇರಿದರೆ ಕಂಪನ ಬಲಿಯುತ್ತದೆಂದು ಲಾರ್ಡ್ ರೇಲಿ 1878ರಷ್ಟು ಹಿಂದೆಯೇ ತಿಳಿಸಿದ್ದರು. ಆದರೆ ತತ್ತ್ವವನ್ನು ಬಲ್ಲ ಮಾತ್ರಕ್ಕೆ ಎಂಜಿನ್ ಉಳಿಯಲಿಲ್ಲ.

ಎಂಜಿನಿಯರುಗಳು ಹಿಡಿದ ದಾರಿ ಕೇಳುವವರಿಗೆ ಹುಚ್ಚೆಂದೇ ತೋರೀತು. ಉರಿಯುತ್ತಿರುವ ಎಂಜಿನ್ನಿನೊಳಗೆ ತಾವೇ ಸಣ್ಣ ಬಾಂಬುಗಳನ್ನು ಸಿಡಿಸಿ, ಎದ್ದ ಕಂಪನ ಅಡಗುವುದೋ ಬಲಿಯುವುದೋ ಎಂದು ಅವರು ಪರೀಕ್ಷಿಸಿದರು. ಇಂಧನವನ್ನು ಚಿಮ್ಮಿಸುವ ತಟ್ಟೆಯ ಮೇಲೆ ತಾಮ್ರದ ಅಡ್ಡಗೋಡೆಗಳನ್ನು ನಿಲ್ಲಿಸಿದರು, ರಂಧ್ರಗಳ ಅಳತೆಯನ್ನು ತಿದ್ದಿದರು, ಮತ್ತೆ ಸಿಡಿಸಿದರು. ಸುಮಾರು 2,000 ಪೂರ್ಣಪ್ರಮಾಣದ ಪರೀಕ್ಷೆಗಳು ನಡೆದವು. ಕೊನೆಗೆ, ಬಾಂಬು ಎಬ್ಬಿಸಿದ ಕಂಪನ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ತಾನಾಗಿಯೇ ಅಡಗುವಂತಾಯಿತು. 1968ರ ಡಿಸೆಂಬರಿನಲ್ಲಿ ಮೂವರು ಆ ಬೆಂಕಿಯ ಮೇಲೆ ಕುಳಿತು ಹೋಗಿ, ಚಂದ್ರನನ್ನು ಸುತ್ತಿ ಬಂದರು.

ಇಂದು ಆ ಬಾಂಬನ್ನು ಲೆಕ್ಕದಲ್ಲಿಯೇ ಸಿಡಿಸಬಹುದು. ಗಣಕಯಂತ್ರದಲ್ಲಿ ದಹನಕೋಣೆಯನ್ನು ಕೋಟ್ಯಂತರ ಪುಟ್ಟ ಕೋಶಗಳಾಗಿ ಸೀಳಿ, ಒಂದೊಂದರಲ್ಲಿಯೂ ಒತ್ತಡ, ಉಷ್ಣತೆ, ವೇಗಗಳನ್ನು ಕ್ಷಣಕ್ಷಣಕ್ಕೂ ಎಣಿಸುತ್ತಾರೆ. ಈ ಕ್ಷಣವೋ, ಅನೇಕ ವೇಳೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಿರಿದು! ಒಂದೇ ಯಂತ್ರ ಈ ಲೆಕ್ಕವನ್ನು ಮುಗಿಸಲು ವರ್ಷಗಳೇ ಬೇಕಾದಾವು. ಆದುದರಿಂದ ಕೋಶಗಳನ್ನು ಸಾವಿರಾರು ಪ್ರೊಸೆಸರುಗಳಿಗೆ ಹಂಚಿ, ಎಲ್ಲವೂ ಏಕಕಾಲದಲ್ಲಿ ದುಡಿಯುವಂತೆ ಮಾಡುತ್ತಾರೆ. ಹಂಚುವುದೇನೋ ಸುಲಭ, ಆದರೆ ಬೆಂಕಿಗೆ ಬದು ಗೊತ್ತಿಲ್ಲ. ಮೇಲಿನ ಗದ್ದೆಯಿಂದ ಎಷ್ಟು ನೀರು ಇಳಿಯಿತೆಂಬುದನ್ನು ಅರಿಯದೆ ಕೆಳಗಿನ ಗದ್ದೆಯವನು ತನ್ನ ಮಡೆಯನ್ನು ಕಟ್ಟಲಾರನು. ಅಂತೆಯೇ ಪ್ರತಿಯೊಂದು ಪ್ರೊಸೆಸರೂ ಹೆಜ್ಜೆಹೆಜ್ಜೆಗೆ ನೆರೆಯವರೊಡನೆ ಗಡಿಯ ಲೆಕ್ಕವನ್ನು ವಿನಿಮಯ ಮಾಡಿಕೊಳ್ಳಬೇಕು. ಜ್ವಾಲೆ ಇರುವೆಡೆ ಕೆಲಸ ಹೆಚ್ಚು. ಅಲ್ಲಿಯವನು ತಡಮಾಡಿದರೆ ಉಳಿದವರೆಲ್ಲ ಕೈಕಟ್ಟಿ ಕಾಯಬೇಕು.

ಈ ಹಂಚಿಕೆಯ ವಿದ್ಯೆಯಲ್ಲಿ ಬೆಂಗಳೂರಿಗೂ ಹಳೆಯ ಪಾಲುಂಟು. ದ್ರವ ಮತ್ತು ಅನಿಲಗಳ ಹರಿವನ್ನು ಲೆಕ್ಕಹಾಕಲೆಂದೇ ಅಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರವನ್ನು ಕಟ್ಟಿತು. ಅದರಲ್ಲಿದ್ದುದು ನಾಲ್ಕೇ ಪ್ರೊಸೆಸರುಗಳು.

ಸಾವಿರಾರು ಪ್ರೊಸೆಸರುಗಳು ದುಡಿದರೂ, ಕೋಶಕ್ಕಿಂತ ಚಿಕ್ಕದಾದ ಸುಳಿ ಲೆಕ್ಕದ ಕಣ್ಣಿಗೆ ಬೀಳದು. ಅಲ್ಲಿ ಊಹೆಯೇ ಗತಿ. ಆ ಊಹೆ ತಪ್ಪಿದರೆ, ಗಣಕದ ತೆರೆಯ ಮೇಲೆ ಶಾಂತವಾಗಿ ಬೆಳಗಿದ ಜ್ವಾಲೆ ನಿಜವಾದ ಎಂಜಿನ್ನನ್ನು ಸೀಳೀತು. ಅದಕ್ಕಾಗಿಯೇ ಹೊಸ ಎಂಜಿನ್ನನ್ನು ಇಂದಿಗೂ ಕಟ್ಟೆಗೆ ಬಿಗಿದು, ಜನರನ್ನೆಲ್ಲ ದೂರಕ್ಕೆ ಕಳುಹಿಸಿ, ಬೆಂಕಿ ಹೊತ್ತಿಸಿ ನೋಡುತ್ತಾರೆ.