ಹೊಳೆಯ ಋಣ

ನಮ್ಮ ಚಿಕ್ಕೇರೂರಿನ ಕಡೆ ಹರಿಯುವ ನೀರನ್ನು ಕಂಡರೆ ಕಾಲು ತೊಳೆಯುವುದುಂಟು, ಮೂಗು ಮುಚ್ಚಿಕೊಳ್ಳುವುದಿಲ್ಲ. ಆದುದರಿಂದ ಕಳೆದ ಬೇಸಿಗೆ ರಜೆಯಲ್ಲಿ ಅಣ್ಣನ ಬಳಿ ಬೆಂಗಳೂರಿಗೆ ಹೋದಾಗ, ಮೈಸೂರು ರಸ್ತೆಯಲ್ಲಿ ಬಸ್ಸಿನವರೆಲ್ಲ ಒಮ್ಮೆಗೇ ಮೂಗಿಗೆ ಬಟ್ಟೆ ಹಿಡಿದುದನ್ನು ನೋಡಿ ನಾನು ಬೆಪ್ಪಾದೆ.

“ಇದ್ಯಾವ ಹಳ್ಳ ಅಣ್ಣಾ?”

“ಹಳ್ಳ ಎಲ್ಲಿ ಬಂತೋ ತಮ್ಮಾ! ಇದು ಕೆಂಗೇರಿ ಮೋರಿ.”

ಅದು ಮೋರಿಯಲ್ಲ, ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಐತಿಹ್ಯ. ಹೆಸರೂ ಹಾಗೆಯೇ ಬಂದಿತು. ಗಾಳಿ ಆಂಜನೇಯನ ಗುಡಿ ಇದರ ದಂಡೆಯದು. 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಬಟ್ಟೆ ಗಿರಣಿ ಇದೇ ಕಣಿವೆಯಲ್ಲಿತ್ತು. ಗಿರಣಿ ಮುಚ್ಚಿತು, ಅದರ ಕೂಗೂ ನಿಂತಿತು. 1970ರ ದಶಕದಿಂದ ಮೇಲುಗಡೆ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದವು. ಅಲ್ಲಿಂದ ಇಳಿಯುವ ಕವಲೂ ಈ ಹೊಳೆಯನ್ನೇ ಸೇರುತ್ತದೆ. ಎಷ್ಟೋ ಕಡೆ ಮೇಲೆ ಕಲ್ಲುಚಪ್ಪಡಿ ಹಾಸಿರುವುದರಿಂದ ಅದರ ಮೇಲೆ ನಡೆಯುವವನಿಗೆ ಕೆಳಗೆ ನದಿಯಿದೆಯೆಂಬುದು ತಿಳಿಯದು.

ವಿಚಿತ್ರವೆಂದರೆ, ಊರಿನ ಹಳ್ಳಗಳೆಲ್ಲ ಒಣಗುವ ಚೈತ್ರದಲ್ಲಿಯೂ ಇದು ತುಂಬಿ ಹರಿಯುತ್ತದೆ. 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂದಿತು. ಜನ ಕುಡಿದು, ಮಿಂದು, ಬಿಟ್ಟ ಆ ನೀರಿನಲ್ಲಿ ದೊಡ್ಡದೊಂದು ಪಾಲು ಈ ದಾರಿಯಲ್ಲಿ ಹೋಗಿ, ಬೈರಮಂಗಲದ ಕೆರೆ ಹಾಯ್ದು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಮುಟ್ಟುತ್ತದೆ. ಬೈರಮಂಗಲದ ರೈತರು ಅದೇ ನೀರು ಕಟ್ಟಿ ಮೇವು ಬೆಳೆಯುತ್ತಾರೆ. ನೀರು ಕೆಡಿಸುವುದನ್ನು ತಡೆಯುವ ಕಾಯಿದೆಯೂ ಅದೇ 1974ರಲ್ಲಿಯೇ ಬಂದಿತೆಂದು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟನ್ನೂ ಅಣ್ಣನಿಗೆ ಆವೇಶದಿಂದ ಹೇಳಿದೆ. ಅವನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನುಗಳಿಗೆ ನಿಕ್ಕಲ್ ಲೇಪ ಹಾಕುವವನು. ಆಮ್ಲದ ತೊಟ್ಟಿಯಲ್ಲಿ ಅದ್ದುವುದು, ತೊಳೆಯುವುದು, ಲೇಪದಲ್ಲಿ ಮುಳುಗಿಸುವುದು, ಮತ್ತೆ ತೊಳೆಯುವುದು; ದಿನವೆಲ್ಲ ಇದೇ. ಬೆರಳುಗಳ ಸಂದು ಬಿರಿದಿದೆ. ಹತ್ತನೆಯ ತರಗತಿಗೆ ಅವನು ಶಾಲೆ ಬಿಟ್ಟದ್ದರಿಂದ ನಾನು ಬಿ.ಎ.ವರೆಗೆ ಬಂದೆ.

“ನೀವು ತೊಳೆದ ನೀರು ಎಲ್ಲಿಗೆ ಹೋಗ್ತೈತಿ ಅಣ್ಣಾ?”

“ಶುದ್ಧಿ ಮಾಡೋ ತೊಟ್ಟಿ ಐತಿ.”

“ದಿನಾ ನಡಸ್ತಾರಾ?”

ಅಣ್ಣ ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತ ಕುಳಿತ. ಆಮೇಲೆ ತಲೆಯೆತ್ತದೆ, “ಪರೀಕ್ಷಾ ಫೀ ಯಾವಾಗ ಕಟ್ಟಬೇಕು?” ಎಂದು ಕೇಳಿದ.

ತಾರೀಖು ಹೇಳಿದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಹಣವನ್ನು ನನ್ನ ಅಂಗಿಯ ಜೇಬಿನಲ್ಲಿಟ್ಟಿದ್ದ.